ಕೊಂಬಿನ ಗೂಬೆಯ ಮರಿ ರೆಕ್ಕೆ ಬಿಚ್ಚಿದ್ದು ಏಕೆ?

ಗೆಳೆಯರೇ, ನಮಸ್ಕಾರ.

ಪರದೆಯ ಮೇಲಿನ ಈ ಚಿತ್ರವನ್ನು ತುಸು ಹೊತ್ತು ನೋಡಿ. ಬಯಲುಸೀಮೆಯ ಒಂದು ಹೆಬ್ಬಂಡೆಯ ಸಂದಿನಲ್ಲಿ ಕೊಂಬಿನ ಗೂಬೆಯ ಮರಿ. ಎರಡೂ ರೆಕ್ಕೆಗಳನ್ನು ಬೀಸಣಿಗೆಯಂತೆ ಬಿಚ್ಚಿ ಮುಂದಕ್ಕೆ ಬಾಗಿದೆ. ಗರಿಗಳು ಇನ್ನೂ ಅರ್ಧ, ಮೊಳೆಯುವಾಗ ಅವನ್ನು ಸುತ್ತಿರುವ ಪೊರೆಯ ಕೊಳವೆಯೊಳಗೇ ಇವೆ. ಕಿತ್ತಳೆ ಬಣ್ಣದ ಕಣ್ಣು ನೆಟ್ಟಿರುವುದು ನನ್ನ ಮೇಲೆ. 14 ವರ್ಷಗಳ ಹಿಂದೆ ತೆಗೆದ ಈ ಚಿತ್ರವನ್ನು ನೋಡಿದವರೆಲ್ಲ ‘ಎಂಥ ಭಂಗಿ!’ ಎಂದು ಹೊಗಳಿದರು, ನಾನೂ ಹಿಗ್ಗಿದೆ. ಆಗ ಆ ಮರಿ ಕೊಕ್ಕನ್ನು ಟಕ್ ಟಕ್ ಎಂದು ಕುಟ್ಟುತ್ತಿತ್ತು. ಆ ಸದ್ದು ಚಿತ್ರದಲ್ಲಿ ಬಂದಿಲ್ಲ. ಹಾರಲು ಬಾರದ ಮರಿ ಮೈಯನ್ನು ದೊಡ್ಡದಾಗಿ ತೋರಿಸಿ ಶತ್ರುವನ್ನು ಬೆದರಿಸುವ ರೀತಿ ಅದು. ಮರಿ ನನ್ನನ್ನು ಕಂಡು ಹೆದರಿತ್ತು. ಇದು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು.

ಈ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನಲ್ಲೋ ಕೊರಕಲಿನ ಅಂಚಿನಲ್ಲೋ ಬರಿನೆಲದ ಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಬೆಳೆಯುವ ಹೊತ್ತಿಗೆ ಬೇಸಿಗೆ ತಲೆಯೆತ್ತಿರುತ್ತದೆ; ಮಾರ್ಚ್ ತಿಂಗಳ ನಡುಹಗಲು ಆ ಕಲ್ಲಿನ ಮೇಲೆ ಬರಿಗಾಲು ಇಡಲಾಗದು. ಆ ಹೊತ್ತಿನಲ್ಲಿ ನಾವು ಬಂಡೆ ಹತ್ತಿದರೆ ತಾಯಿ ಎದ್ದು ಹಾರುತ್ತದೆ. ಹಗಲಲ್ಲಿ ಹೊರಬಿದ್ದ ಗೂಬೆಯನ್ನು ಕಾಗೆಗಳು ಸುಮ್ಮನೆ ಬಿಡುತ್ತವೆಯೇ? ಅತ್ತ ಅದನ್ನು ಅಟ್ಟಿಕೊಂಡು ಹೋಗುತ್ತವೆ, ಇತ್ತ ಮರಿ ಬಿಸಿಲಿನಲ್ಲಿ ಒಂಟಿ.

ಇನ್ನೊಂದು ಮಾತು. ಹಾರಲು ಕಲಿಯುವ ಮೊದಲೇ ಈ ಮರಿಗಳು ನಡೆದುಕೊಂಡು ಹುಟ್ಟಿದ ಜಾಗ ಬಿಟ್ಟು ಕಲ್ಲುಗಳ ನಡುವೆ ಅಡಗುತ್ತವೆ. ಅಂಥದ್ದು ಕಂಡರೆ ಅನಾಥ ಎಂದುಕೊಂಡು ದಯವಿಟ್ಟು ಎತ್ತಿ ತರಬೇಡಿ. ಕತ್ತಲಾದ ಮೇಲೆ ತಂದೆತಾಯಿ ಇಲಿ ಹಿಡಿದು ತಂದು ಅಲ್ಲಿಯೇ ಉಣಿಸುತ್ತವೆ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದದ ವ್ಯಾಖ್ಯೆಯಲ್ಲಿಯೇ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಕ್ಯಾಮೆರಾ ಹಿಡಿದಿದ್ದೇವೆಂದು ನಮಗೆ ವಿನಾಯಿತಿ ಇಲ್ಲ. ಚಿತ್ರದ ಜೊತೆ ಜಾಗದ ಹೆಸರು ಹಾಕುವುದಂತೂ ಬೇಡವೇ ಬೇಡ. ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿಯುವವರು ಇಂದಿಗೂ ಇದ್ದಾರೆ. ಈ ಬಂಡೆ ಯಾವ ಊರಿನದೆಂದು ನಾನು ಯಾರಿಗೂ ಹೇಳಿಲ್ಲ.

ಹಾಗಾದರೆ ಮರಿಗಳ ಚಿತ್ರ ತೆಗೆಯುವುದೇ ಬೇಡವೇ? ಖಂಡಿತ ತೆಗೆಯಿರಿ, ಅವು ರೆಕ್ಕೆ ಬಲಿತು ಹಾರಿದ ಮೇಲೆ. ನೋಡುವಂಥದ್ದು ಹೆಚ್ಚಾಗಿ ಇರುವುದೂ ಆಗಲೇ. ಯಾವುದಾದರೂ ಕೆರೆಯ ಏರಿಯ ಮೇಲೆ ಮರದ ನೆರಳಲ್ಲಿ ಎರಡು ಗಂಟೆ ಅಲುಗದೆ ಕುಳಿತುಕೊಳ್ಳಿ. ಅಲ್ಲಿ ಹಾರಾಡುವ ಗರುಡನ ಮರಿಗೆ ದೊಡ್ಡ ಗರುಡನ ಬಿಳಿ ತಲೆಯೂ ಇಲ್ಲ, ಹೊಳೆಯುವ ಕೆಂಚು ಮೈಯೂ ಇಲ್ಲ, ಮಾಸಲು ಕಂದು. ಹದ್ದೆಂದು ಎಷ್ಟೋ ಜನ ಅತ್ತ ಕ್ಯಾಮೆರಾ ತಿರುಗಿಸುವುದೇ ಇಲ್ಲ. ಬಾಲ ನೋಡಿ: ಹದ್ದಿನದು ಕವಲು, ಗರುಡನದು ದುಂಡು.

ಈಗ ಕೊನೆಯ ಚಿತ್ರ. ದೂರದಿಂದ ತೆಗೆದದ್ದು, ಹಕ್ಕಿ ಚಿಕ್ಕದಾಗಿ ಕಾಣುತ್ತದೆ. ಎಳೆಯ ಗರುಡ ಕಾಲಲ್ಲಿ ಹಿಡಿದಿದ್ದ ಎಲೆಯನ್ನು ಆಕಾಶದಲ್ಲಿ ಬಿಟ್ಟು, ಅದು ಬೀಳುವಷ್ಟರಲ್ಲಿ ತಾನೇ ಎರಗಿ ಹಿಡಿಯಲು ಹೊರಟಿದೆ. ಆಟವೇ ಅದಕ್ಕೆ ಬೇಟೆಯ ಪಾಠ. ಎಲೆ ಇನ್ನೂ ಗಾಳಿಯಲ್ಲಿದೆ, ಮರಿಯ ಕಣ್ಣು ಎಲೆಯ ಮೇಲಿದೆ. ಆ ಬೆಳಿಗ್ಗೆ ಎಲೆ ಆರು ಸಲ ತಪ್ಪಿಸಿಕೊಂಡಿತು. ಏಳನೆಯ ಸಲ ಮರಿ ಹಿಡಿಯಿತು.