ಚಳಿಗೆ ನಡುಗೋ ಹಳೇ ಮಾರುತಿ ಜೆನ್ ಕಾರು: ಸುಳ್ಳು ಹೇಳ್ತಿದ್ದೋರು ಯಾರು?

ಮೊದ್ಲು ಈ ಸೌಂಡ್ ಕೇಳಿ. ಮೈಕ್ ಬಾನೆಟ್ ಪಕ್ಕದಲ್ಲೇ ಇಟ್ಟಿದೀನಿ. ಸ್ಟಾರ್ಟ್ ಆಗಲ್ಲ ಅಂತಲ್ಲ, ಆಗುತ್ತೆ. ಆದ್ಮೇಲೆ ಐಡಲ್, ಅಂದ್ರೆ ಆಕ್ಸಿಲರೇಟರ್ ಮುಟ್ಟದೇ ಇರುವಾಗಿನ ಓಟ, ಒಂದೇ ಸಮ ನಿಲ್ಲಲ್ಲ. ಇಡೀ ಗಾಡಿ ಡಗಡಗ ಅನ್ನುತ್ತೆ, ಡ್ಯಾಶ್‌ಬೋರ್ಡ್ ಮೇಲಿರೋ ಗಣಪತಿ ಕೂಡ ನಡುಗ್ತಾನೆ. ಆಕ್ಸಿಲರೇಟರ್ ಒತ್ತಿದ್ರೆ ಮುಂದೆ ಹೋಗೋದು ಬಿಟ್ಟು ಉಸಿರು ಹಿಡ್ಕೊಳ್ಳುತ್ತೆ. ಘಾಟಿ ಮೇಲಿರೋ ಅತ್ತಿಗುಂಡಿ ಬಿಟ್ಟು ಕೆಳಗಿನ ಕೈಮರ ಚೆಕ್‌ಪೋಸ್ಟ್ ಮುಟ್ಟೋಷ್ಟ್ರಲ್ಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡ್ತಿರುತ್ತೆ.

2003ರ ಜೆನ್. 993 ಸಿಸಿ, ನಾಲ್ಕು ಸಿಲಿಂಡರ್, ಎಂಪಿಎಫ್‌ಐ, ಅಂದ್ರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸೋ ಪದ್ಧತಿ. ಮಾರ್ಬಿಡು ಅಂತ ಕಾಮೆಂಟಲ್ಲಿ ಬರೀಬೇಡಿ, ಮಾರಲ್ಲ.

ಈ ಕಾಯಿಲೆಗೆ ಮದ್ದು ಹುಡ್ಕೋದು ಯಾಕೆ ಕಷ್ಟ ಅಂದ್ರೆ, ಇದು ದಿನಕ್ಕೆ ಒಂದೇ ಸಲ ಮುಖ ತೋರ್ಸೋದು. ರಾತ್ರಿಯಿಡೀ ತಣ್ಣಗಾದ ಎಂಜಿನ್ನು, ಬೆಳಿಗ್ಗೆ ಮೊದಲ್ನೇ ಸ್ಟಾರ್ಟು, ಆಮೇಲಿನ ಮೂರ್ನಾಲ್ಕು ನಿಮಿಷ. ಅಷ್ಟೇ. ನಾನು ಘಾಟಿ ಇಳಿದು ಚಿಕ್ಕಮಗಳೂರಿನ ಗ್ಯಾರೇಜಿಗೆ ಹೋಗೋ ಹೊತ್ತಿಗೆ ಎಂಜಿನ್ ಬಿಸಿ. ಅವರು ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, "ಚೆನ್ನಾಗೇ ಇದ್ಯಲ್ಲ ಸಾರ್" ಅಂತಾರೆ. ಅವರದೂ ತಪ್ಪಲ್ಲ, ಚೆನ್ನಾಗೇ ಇರುತ್ತೆ!

ಅದಕ್ಕೇ ರಾತ್ರಿ ಗಾಡಿ ಅಲ್ಲೇ ಬಿಟ್ಟೆ. ಯಾವ ಗ್ಯಾರೇಜು ಅಂತ ಹೇಳಲ್ಲ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಬರೆದು ಸ್ಟೀರಿಂಗಿಗೆ ಸಿಕ್ಕಿಸಿದ್ದೆ. ಬಾಯಲ್ಲೂ ಹೇಳಿದ್ದೆ. ಅವರೂ "ಆಯ್ತು ಸಾರ್, ಆಯ್ತು" ಅಂದಿದ್ರು. ಬೆಳಿಗ್ಗೆ ಚಳಿಲಿ ಮೊದಲ್ನೇ ಬಸ್ ಹಿಡ್ದು, ಕಿವಿಗೆ ಮಫ್ಲರ್ ಸುತ್ಕೊಂಡು ಬಂದು ನೋಡಿದ್ರೆ ಗಾಡಿ ಇಟ್ಟ ಜಾಗದಲ್ಲಿ ಇಲ್ಲ. ಆ ಕಡೆ ಗೋಡೆ ಪಕ್ಕ ನಿಂತಿದೆ, ತೊಳೆದು ಬೇರೆ ಇಟ್ಟಿದಾರೆ. ಬಾನೆಟ್ ಮುಟ್ದೆ, ಬೆಚ್ಚಗಿತ್ತು. "ಹುಡುಗ ಜಾಗ ಮಾಡೋಕೆ ತೆಗ್ದ ಸಾರ್." ನಾನು ಬರ್ದಿದ್ದ ರಟ್ಟು ಎಲ್ಲಿ ಅಂದ್ರೆ, ಡ್ರೈವರ್ ಸೀಟಿನ ಕೆಳಗೆ. ಒದ್ದೆ ಚಪ್ಪಲಿ ಇಡೋಕೆ ಹಾಸಿದ್ರು. "ಮಾಡಬೇಡಿ" ಅನ್ನೋ ಪದದ ಮೇಲೇ ಹೆಜ್ಜೆ ಗುರುತು. ಇಷ್ಟಾದ್ಮೇಲೂ ಬಿಲ್ಲು: ಜನರಲ್ ಚೆಕಪ್, 850 ರೂಪಾಯಿ. ಏನು ಚೆಕ್ ಮಾಡಿದ್ರಿ ಅಂದ್ರೆ "ಎಲ್ಲಾನೂ". ಜೊತೆಗೊಂದು ಸಲಹೆ, ಫ್ಯೂಯಲ್ ಪಂಪ್ ಬದ್ಲಾಯ್ಸಿ, 6,500 ಆಗುತ್ತೆ. ಪಂಪ್ ವೀಕ್ ಇದ್ದಿದ್ರೆ ಘಾಟಿ ಹತ್ತುವಾಗ ಗಾಡಿ ಎಳೀಬಾರ್ದಿತ್ತು ತಾನೆ? ಮೂರನೇ ಗೇರಲ್ಲಿ ಹತ್ತುತ್ತೆ ಸ್ವಾಮಿ ಇದು.

ಸರಿ, ಮನೆಗೆ ಬಂದೆ. ಈಗ ಸ್ಕ್ರೀನ್ ಕಪ್ಪಗಿದೆ ಅಂತ ಫೋನ್ ಬಡೀಬೇಡಿ, ಇದು ಬೆಳಗಿನ ಜಾವದ ಶಾಟು. ಎಂಜಿನ್ ಓಡ್ತಿರುವಾಗ ಪ್ಲಗ್ ವೈರ್‌ಗಳ ಮೇಲೆ ಸ್ಪ್ರೇ ಬಾಟಲಲ್ಲಿ ನೀರು ಹೊಡೀತಿದೀನಿ. ವೈರ್ ಸೀಳಿದ್ರೆ ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತೆ. ಇಲ್ಲೇನೂ ಇಲ್ಲ. ವೈರಿಗೆ ಕೈ ಹಾಕೋಕೆ ಹೋಗ್ಬೇಡಿ ಮತ್ತೆ, ಸಾವಿರಾರು ವೋಲ್ಟ್ ಇರುತ್ತೆ. ಪ್ಲಗ್ ನೋಡಿದೆ, ಪರ್ವಾಗಿಲ್ಲ. ಇನ್‌ಟೇಕ್ ಗ್ಯಾಸ್ಕೆಟ್ ಸುತ್ತ ಕಾರ್ಬ್ ಕ್ಲೀನರ್ ಹೊಡೆದೆ. ಗಾಳಿ ಲೀಕ್ ಇದ್ರೆ ಎಂಜಿನ್ ಸದ್ದು ಬದಲಾಗ್ಬೇಕು. ಆಗಲಿಲ್ಲ.

ಬ್ಲೂಟೂತ್ ಸ್ಕ್ಯಾನರ್ ಹಾಕಿ ಅನ್ನೋರಿಗೆ: ನಮ್ಮ ದೇಶದಲ್ಲಿ ಒಬಿಡಿ, ಅಂದ್ರೆ ಆ ಸ್ಕ್ಯಾನರ್ ಸಿಕ್ಕಿಸಿ ದೋಷ ಓದೋ ವ್ಯವಸ್ಥೆ, ಕಡ್ಡಾಯ ಆಗೋಕೆ ಶುರುವಾಗಿದ್ದು 2010ರಲ್ಲಿ, ಬಿಎಸ್-4 ಹೊಗೆ ನಿಯಮದ ಜೊತೆಗೆ. ಇದರಲ್ಲಿ ಹಳೇ ಪದ್ಧತಿ. ಎರಡು ಪಿನ್ನಿಗೆ ತಂತಿ ಸಿಕ್ಕಿಸಿ ಚೆಕ್ ಎಂಜಿನ್ ಲೈಟ್ ಮಿಟುಕೋದನ್ನ ಎಣಿಸೋದು. ಒಂದು, ಗ್ಯಾಪ್, ಎರಡು. ಅಂದ್ರೆ 12. ಸುಜುಕಿ ಲೆಕ್ಕದಲ್ಲಿ 12 ಅಂದ್ರೆ ಎಲ್ಲಾ ಕ್ಷೇಮ.

ಅಲ್ಲಿಗೆ ನಾನು ಪೆಟ್ರೋಲನ್ನ ಬೈಯೋಕೆ ಶುರು ಮಾಡಿದೆ. ಇ20, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. 2023ರಲ್ಲಿ ಬಂಕಿಗೆ ಬರೋಕೆ ಶುರುವಾಗಿ ಈಗ ಎಲ್ಲಾ ಕಡೆ ಅದೇ. ಎಥನಾಲ್ ಚಳೀಲಿ ಬೇಗ ಆವಿ ಆಗಲ್ಲ, ಮೇಲಾಗಿ ಅದು ಬೆರೆತ್ರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಬಿಸಿಯಾದ್ಮೇಲೆ ಹೊಗೆ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್, ಸರಿ ಮಾಡ್ಕೊಳ್ಳುತ್ತೆ. ಬೆಳಿಗ್ಗೆ ಮೊದಲ ಕೆಲವು ನಿಮಿಷ ಆ ಸೆನ್ಸರ್ ಮಾತು ಲೆಕ್ಕಕ್ಕೇ ಇಲ್ಲ. ಎಲ್ಲಾ ಪೆಟ್ರೋಲಿಂದಲೇ ಅಂತ ವಿಡಿಯೋನೂ ಮಾಡೋಕೆ ಹೊರಟಿದ್ದೆ. ಆದ್ರೆ ಪಕ್ಕದ ಎಸ್ಟೇಟ್ ರೈಟರ್ ಹತ್ರನೂ ಜೆನ್ನೇ ಇದೆ, ಅದೇ ಬಂಕು, ಅದೇ ಪೆಟ್ರೋಲು, ಅವರದ್ದು ಬೆಳಿಗ್ಗೆ ಹೂವಿನಂಗೆ ಸ್ಟಾರ್ಟು. ಹಾಗಾಗಿ ಪೆಟ್ರೋಲಿಗೆ ಅರ್ಧ ಬೈಗುಳ ವಾಪಸ್. ಇನ್ನರ್ಧ ಇರ್ಲಿ, ಎಥನಾಲ್ ಹಾಳು ಮಾಡೋ ಹಳೇ ರಬ್ಬರ್ ಪೈಪ್‌ಗಳ ಲೆಕ್ಕಕ್ಕೆ.

ಅವರ ಮನೇಲಿ ಕಣದ ತುಂಬ ಕಾಫಿ ಹರವಿದಾರೆ, ನೋಡಿ. ಈ ಸಲ ಆಳೇ ಸಿಗ್ತಿಲ್ವಂತೆ ಕೊಯ್ಲಿಗೆ... ಆ ಕಥೆ ಇನ್ನೊಂದ್ಸಲ, ಶಾಟ್ ಮುಗೀತಿದೆ.

ಇದು ನೋಡಿ ಅಸಲಿ ವಿಷಯ. ಎಂಜಿನ್ನಲ್ಲಿ ಬಿಸಿ ನೋಡೋರು ಇಬ್ರಿದಾರೆ, ಎರಡು ಸೆನ್ಸರ್. ಒಂದು ವೈರಿಂದು ಮೀಟರಿನ ಮುಳ್ಳಿಗೆ, ಎರಡು ವೈರಿಂದು ಇಸಿಯುಗೆ. ಮುಳ್ಳು ಸರಿಯಾಗೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರ್ಲಿಲ್ಲ. ಎರಡನೇದರ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಹೊರಗೆ 13 ಡಿಗ್ರಿ. ಬಿಸಿ ಏರಿದಂಗೆ ಈ ಸೆನ್ಸರಿನ ಓಮ್ ಲೆಕ್ಕ ಇಳಿಯುತ್ತೆ, ಆ ಚಳಿಗೆ ಸುಮಾರು 3 ಸಾವಿರ ಓಮ್ ಬರ್ಬೇಕು. ಬಂದಿದ್ದು 1,100. ಅಂದ್ರೆ ಇದು ಇಸಿಯುಗೆ "ನಾನಾಗ್ಲೇ 40 ಡಿಗ್ರಿ ಇದೀನಿ" ಅಂತಿದೆ. ತಣ್ಣಗಿರೋ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು, ಇಸಿಯು ಇದನ್ನ ನಂಬ್ಕೊಂಡು ಕಮ್ಮಿ ಬಿಡ್ತಿದೆ. ವೈರ್ ಕಟ್ಟಾಗಿದ್ರೆ, ಶಾರ್ಟಾಗಿದ್ರೆ ಲೈಟ್ ಹತ್ತಿರೋದು. ನಂಬೋ ಹಾಗೆ ಸುಳ್ಳು ಹೇಳಿದ್ರೆ ಹತ್ತಲ್ಲ!

ಬಿಚ್ಚುವಾಗ ಕೂಲಂಟ್ ಚೆಲ್ತು, ಕಾಣ್ತಿದೆಯಲ್ಲ. ಹೊಸದು ಬೆಂಗಳೂರಿನ ಜೆ.ಸಿ. ರೋಡಿಂದ ಸ್ನೇಹಿತ ತಂದ್ಕೊಟ್ಟ, 480 ರೂಪಾಯಿ. ಚೆಕಪ್ ಬಿಲ್ಲಿಗಿಂತ ಕಮ್ಮಿ, ನೆನಪಿರ್ಲಿ. ಹೊಸದು, ಹಳೇದು ಎರಡನ್ನೂ ಅಡುಗೆಮನೇಲಿ ಬಿಸಿನೀರಿಗೆ ಅದ್ದಿ ಅಳೆದೆ. 80 ಡಿಗ್ರಿ ಹತ್ರ ಬರ್ತಿದ್ದಂಗೆ ಹೊಸದು 300 ಓಮ್, ಹಳೇದು 270, ಹೆಚ್ಚುಕಮ್ಮಿ ಒಂದೇ. ಬಿಸಿಯಾದ್ರೆ ಸತ್ಯಸಂಧ! ಪಾತ್ರೆ ಹಾಲು ಕಾಯ್ಸೋದು ಅಂತ ಆಮೇಲೆ ಗೊತ್ತಾಯ್ತು. ಅಮ್ಮ ಅದನ್ನ ಈಗ ನನ್ನ ಗ್ಯಾರೇಜ್ ಕೆಲಸಕ್ಕೇ ಕೊಟ್ಬಿಟ್ಟಿದಾರೆ.

ಇದು ಹೊಸ ಸೆನ್ಸರ್ ಹಾಕಿದ ಮಾರನೇ ಬೆಳಿಗ್ಗೆ. ಎಡಿಟ್ ಮಾಡಿಲ್ಲ. ಐಡಲ್ ಮೇಲೆ ಹೋಯ್ತು, ನಿಂತ್ಕೊಂತು, ಈಗ ನಿಧಾನಕ್ಕೆ ಇಳೀತಿದೆ. ಹಿಂಗಿರ್ಬೇಕು. ಇನ್ನೂ ಒಂಚೂರು ಮಿಸ್ಸಿಂಗ್ ಕೇಳುತ್ತೆ ಅಂತೀರಾ? ನನಗೂ ಕೇಳುತ್ತೆ. ಐಡಲ್ ವಾಲ್ವಲ್ಲಿ ಕಾರ್ಬನ್ ಇರ್ಬೋದು, ಬಿಚ್ಚಿ ನೋಡ್ಬೇಕು. ಹಿಂದೆ ಕೊಯ್ಲಿನವರ ಜೀಪ್ ಹಾರ್ನ್ ಹೊಡೀತಿದೆ, ದಾರಿಗೆ ಅಡ್ಡ ನಿಲ್ಸಿದೀನಿ. ಬಂದೆ ಅಣ್ಣಾ, ತೆಗೀತೀನಿ, ಒಂದ್ನಿಮಿಷ!