ಊತ ಇಳಿದ ಮೇಲೆ ಶುರುವಾಗುವ ಕೆಲಸ

ಸಂಜೆ ಮ್ಯಾಟ್ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ನಮ್ಮ ಕ್ಲಿನಿಕ್ ತುಂಬಿರುತ್ತದೆ. ಬರುವವರಲ್ಲಿ ಕಬಡ್ಡಿ ಮಕ್ಕಳೇ ಜಾಸ್ತಿ. ನಾನು ಸ್ಪೋರ್ಟ್ಸ್ ಫಿಸಿಯೋ. ಬಿಪಿಟಿ, ಎಂಪಿಟಿ ಮುಗಿಸಿ ಮೊದಮೊದಲು ಭುಜ, ಮಂಡಿ ಎಲ್ಲವನ್ನೂ ನೋಡುತ್ತಿದ್ದೆ. ಆಮೇಲೆ ಪಾದ ಮತ್ತು ಆಂಕಲ್, ಅಂದರೆ ಪಾದದ ಕೀಲಿನ ಕಡೆಗೇ ಮನಸ್ಸು ವಾಲಿತು. ಅದಕ್ಕೆ ಕಾರಣ ಕಬಡ್ಡಿ. ಆಂಕಲ್ ಹೋಲ್ಡ್ ಅನ್ನುವುದು ಈ ಆಟದ ಒಂದು ಪಟ್ಟೇ ಅಲ್ವಾ? ಕಾರ್ನರ್‌ನಲ್ಲಿರುವವರು ಬಗ್ಗಿ ರೈಡರ್‌ನ ಕಾಲು ಹಿಡಿದು ಎಳೆಯುತ್ತಾರೆ. ರೈಡರ್ ಮೈಭಾರವನ್ನೆಲ್ಲ ಹಾಕಿ ಗೆರೆಯ ಕಡೆ ಜಗ್ಗುತ್ತಾರೆ. ಆ ಜಗ್ಗಾಟದಲ್ಲಿ ಪಾದ ಒಳಕ್ಕೆ ಹೊರಳಿದರೆ, ಹೊರಗಿನ ಗಿಣ್ಣಿನ ಮುಂದಿರುವ ಲಿಗಮೆಂಟ್‌ಗೆ, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿಗೆ, ಮೊದಲ ಪೆಟ್ಟು. ಎಟಿಎಫ್‌ಎಲ್ ಅಂತಾರೆ ಅದನ್ನ.

ನಮ್ಮಲ್ಲಿ ಕಾಲು ಉಳುಕಿದ ಕೂಡಲೇ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುತ್ತಾರೆ, ಎಳೆದು ಉಳುಕು ತೆಗೆಸುತ್ತಾರೆ. ದಯವಿಟ್ಟು ಬೇಡ. ಹೊಸ ಗಾಯವನ್ನು ಉಜ್ಜಿದರೆ ಊತ ಹೆಚ್ಚುತ್ತದೆ. ಒಳಗೆ ಮೂಳೆ ಮುರಿದಿದ್ದರೆ ಕೇಳುವುದೇ ಬೇಡ. ಎಕ್ಸ್‌ರೇ ಬೇಕೋ ಬೇಡವೋ ಅಂತ ತಿಳಿಯಲು 1992ರಲ್ಲಿ ಕೆನಡಾದ ಒಟ್ಟಾವಾ ವೈದ್ಯರು ಕೊಟ್ಟ ನಿಯಮವನ್ನೇ ನಾನು ಇಂದಿಗೂ ಬಳಸುತ್ತೇನೆ. ಎರಡೂ ಗಿಣ್ಣುಗಳ ಹಿಂದಿನ ಅಂಚನ್ನು ತುದಿಯಿಂದ 6 ಸೆಂಟಿಮೀಟರ್ ಮೇಲಿನವರೆಗೆ ಒತ್ತಿ ನೋಡುತ್ತೇನೆ. ಪಾದದ ಹೊರಗಿನ ಅಂಚು, ಒಳಗಿನ ಕಮಾನನ್ನೂ ಒತ್ತುತ್ತೇನೆ. ಮೂಳೆಯ ಮೇಲೇ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ನಡೆಯಲೂ ಆಗದಿದ್ದರೆ, ಸೀದಾ ಎಕ್ಸ್‌ರೇಗೆ.

ಐಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಶ್ರಾಂತಿ, ಐಸ್, ಬಿಗಿ ಕಟ್ಟು, ಕಾಲು ಮೇಲಿಡುವುದು, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ 1978ರಲ್ಲಿ ‘ರೈಸ್’ ಅಂತ ಹೆಸರಿಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ತಡ ಮಾಡಬಹುದು ಅಂತ 2014ರಲ್ಲಿ ಅವರೇ ಬರೆದರು. ಲೋಕವೆಲ್ಲ ಒಪ್ಪಿದ್ದ ತನ್ನದೇ ಮಾತನ್ನು ತಿದ್ದಿಕೊಂಡರಲ್ಲ, ನನಗೆ ಅವರ ಮೇಲೆ ತುಂಬಾ ಗೌರವ. ನೋವು ತಡೆಯಲಾಗದಿದ್ದರೆ ಸ್ವಲ್ಪ ಹೊತ್ತು ಐಸ್ ಇಡಿಸುತ್ತೇನೆ, ಅಷ್ಟೇ.

ಆದರೆ ನನ್ನ ನಿಜವಾದ ಜಗಳ ಇರುವುದು ಊತ ಇಳಿದ ಮೇಲೆ. “ಮೇಡಂ, ಊತ ಹೋಯ್ತಲ್ಲ, ಶನಿವಾರ ಆಡಲಾ?” ಅಂತ ಒಬ್ಬಳು ರೈಡರ್ ಕೇಳಿದಳು. “ಶೂ ಬಿಚ್ಚಮ್ಮ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲು” ಅಂದೆ. ಒಳ್ಳೆಯ ಕಾಲಲ್ಲಿ ಆರಾಮಾಗಿ ನಿಂತಳು. ಪೆಟ್ಟಾದ ಕಾಲಿಗೆ ಬಂದಾಗ ಬೆರಳುಗಳು ನೆಲವನ್ನು ಗಬಕ್ಕನೆ ಹಿಡಿದವು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎದ್ದು ಕುಣಿಯಿತು. ಅಷ್ಟರಲ್ಲಿ ಕೈ ಗೋಡೆಗೆ ಹೋಗಿತ್ತು.

ಲಿಗಮೆಂಟ್ ಬರೀ ಹಗ್ಗ ಅಲ್ಲ. ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಹೇಳುವ ನರತುದಿಗಳೂ ಅದರಲ್ಲಿವೆ. ಪೆಟ್ಟು ಬಿದ್ದ ಮೇಲೆ ಆ ಸುದ್ದಿ ಸರಿಯಾಗಿ ತಲುಪುವುದಿಲ್ಲ. ಪಾದ ಹೊರಳುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಹೊರಳಿಯೇ ಬಿಟ್ಟಿರುತ್ತದೆ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದಕ್ಕೆ ಇದೂ ಒಂದು ಕಾರಣ. ಸುಮ್ನೆ ಮಲಗಿದ್ದರೆ ಇದು ಸರಿಹೋಗಲ್ಲ. ಮೊದಲು ಗಟ್ಟಿ ನೆಲ, ಆಮೇಲೆ ಮೆತ್ತನೆಯ ಕುಶನ್, ಆಮೇಲೆ ಕುಶನ್ ಮೇಲೆ ನಿಂತೇ ಚೆಂಡು ಹಿಡಿಯುವುದು. ಜೊತೆಗೆ ದಿನಾ ಒಂಟಿ ಕಾಲಿನ ಹೀಲ್ ರೈಸ್, ಅಂದರೆ ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು.

ಅವಳ ಕೋಚ್ ಫೋನ್ ಮಾಡಿ, “ಕಾಲಿಗೆ ಟೇಪ್ ಸುತ್ತಿ ಆಟಕ್ಕೆ ಇಳಿಸೋಣ ಮೇಡಂ” ಅಂದರು. ಟೇಪ್ ಒಳ್ಳೆಯದೇ. ಆದರೆ ಕಾಲು ತಯಾರಾಗದಿದ್ದರೆ ಟೇಪ್ ಒಂದೇ ಸಾಲದು. “ಈ ಶನಿವಾರ ಬೇಡ ಸರ್” ಅಂದೆ. ಬೇಜಾರಾದರೂ ಒಪ್ಪಿಕೊಂಡರು. ಸೋಮವಾರದಿಂದ ಅವಳಿಗೆ ಒಂಟಿ ಕಾಲಿನ ಜಿಗಿತ ಶುರು. ಎರಡೂ ಕಾಲಿನ ಜಿಗಿತವನ್ನು ಅಳತೆ ಟೇಪು ಹಿಡಿದು ಅಳೆಯುತ್ತೇನೆ. ಸಮ ಬಂದರೆ ಮ್ಯಾಟ್ ಮೇಲೆ ಕಳಿಸಿ, ದಿಢೀರ್ ತಿರುಗುವುದು, ಕಾಲು ಬಿಡಿಸಿಕೊಳ್ಳುವುದು ಮಾಡಿಸುತ್ತೇನೆ. ಆಮೇಲಷ್ಟೇ ರೈಡ್.