ರಾಕಿ ಮಾರ್ಸಿಯಾನೋನನ್ನು ಸೋಲಿಸಬಹುದಿತ್ತಾ?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಹಾಸನದಲ್ಲಿ ಕುಸ್ತಿ ಮಾತು ಶುರುವಾದರೆ ಗಾಮಾ ಪೈಲ್ವಾನನ ಹೆಸರು ಬಂದೇ ಬರುತ್ತದೆ. ಗರಡಿ ಮಣ್ಣು ಮೆತ್ತಿಕೊಂಡು ಬೆಳೆದ ಹಿರಿಯರು, ಅವನ ಬೆನ್ನು ನೆಲಕ್ಕೆ ತಾಗಿಸುವವನು ಹುಟ್ಟಲೇ ಇಲ್ಲ ಅಂತಾರೆ. ಬಾಕ್ಸಿಂಗ್ ನೋಡುವ ಹುಡುಗರು ಅದೇ ಮಾತನ್ನು ಅಮೆರಿಕದ ಬಾಕ್ಸರ್ ರಾಕಿ ಮಾರ್ಸಿಯಾನೋ ಬಗ್ಗೆ ಹೇಳುತ್ತಾರೆ. ಹಾಸನಾಂಬೆ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ನಾವು ಗೆಳೆಯರು ಇದೇ ವಿಷಯಕ್ಕೆ ಜೋರಾಗಿ ಜಗಳ ಆಡಿದ್ದೇವೆ. ಒಬ್ಬ ಮಾರ್ಸಿಯಾನೋನನ್ನು ಯಾರಿಂದಲೂ ಸೋಲಿಸಲಾಗುತ್ತಿರಲಿಲ್ಲ ಅಂದರೆ, ಇನ್ನೊಬ್ಬ ಅವನು ಸೋಲಿಸಿದ್ದೆಲ್ಲ ಮುದುಕರನ್ನು ಅಂದ. ಈ ಎರಡು ಮಾತೂ ಪೂರ್ತಿ ಸರಿಯಲ್ಲ ಅನ್ನುವುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಮಾರ್ಸಿಯಾನೋ ವೃತ್ತಿಪರನಾಗಿ ಆಡಿದ್ದು 49 ಪಂದ್ಯ, ಗೆದ್ದದ್ದೂ 49. ಅದರಲ್ಲಿ 43 ಪಂದ್ಯ ಪೂರ್ತಿ ಸುತ್ತು ನಡೆಯಲೇ ಇಲ್ಲ, ಎದುರಾಳಿ ಅಷ್ಟರೊಳಗೆ ಮಲಗಿದ್ದ ಇಲ್ಲವೇ ರೆಫರಿ ಪಂದ್ಯ ನಿಲ್ಲಿಸಿದ್ದ. 1952ರಲ್ಲಿ ಹೆವಿವೇಯ್ಟ್, ಅಂದರೆ ಅತಿ ಭಾರದವರ ವಿಭಾಗದ ಚಾಂಪಿಯನ್ ಆದ. ಆರು ಸಲ ಪಟ್ಟ ಉಳಿಸಿಕೊಂಡ. 1956ರ ಏಪ್ರಿಲ್‌ನಲ್ಲಿ, ಇನ್ನೂ 32 ವರ್ಷ ಇರುವಾಗಲೇ ಸಾಕು ಅಂತ ಕೈಗವಸು ಬಿಚ್ಚಿಟ್ಟ. ಸೋಲೇ ಕಾಣದೆ ನಿವೃತ್ತನಾದ ಹೆವಿವೇಯ್ಟ್ ವಿಶ್ವ ಚಾಂಪಿಯನ್ ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಅವನೇ.

ಆದರೆ ಆಳನ್ನು ನೋಡಿದರೆ ನಂಬಿಕೆ ಬರುವುದಿಲ್ಲ. ಎತ್ತರ ಐದು ಅಡಿ ಹತ್ತು ಇಂಚಿನ ಆಸುಪಾಸು. ತೂಕ 84-85 ಕೆಜಿ. ಕೈಗಳಂತೂ ಗಿಡ್ಡ, ಎರಡೂ ಕೈ ಚಾಚಿ ಅಳೆದರೆ 68 ಇಂಚು ಅಷ್ಟೇ. ಗುರು ಚಾರ್ಲಿ ಗೋಲ್ಡ್‌ಮನ್ ಇದನ್ನೆಲ್ಲ ನೋಡಿ, ಇವನನ್ನು ನೆಟ್ಟಗೆ ನಿಲ್ಲಿಸಿ ಆಡಿಸಿದರೆ ಪ್ರಯೋಜನವಿಲ್ಲ ಅಂತ ಇನ್ನಷ್ಟು ಬಗ್ಗಿಸಿಯೇ ಆಡಿಸಿದ. ಬಗ್ಗಿಕೊಂಡು ಒಳಗೆ ನುಗ್ಗುವುದು, ಮುಖ ಸಿಗದಿದ್ದರೆ ತೋಳಿಗೆ, ಭುಜಕ್ಕೆ, ಪಕ್ಕೆಗೆ ಎಲ್ಲಿ ಸಿಕ್ಕಿತೋ ಅಲ್ಲಿ ಹೊಡೆಯುವುದು. ಸಕಲೇಶಪುರದ ಆಷಾಢದ ಮಳೆ ಹಾಗೆ, ಬಿಡುವೇ ಇಲ್ಲ. ಹತ್ತು ಸುತ್ತು ತೋಳಿನ ಮೇಲೆ ಏಟು ತಿಂದವನು ಹನ್ನೊಂದನೇ ಸುತ್ತಿಗೆ ಕೈ ಎತ್ತಲು ಆಗದೆ ನಿಲ್ಲುತ್ತಿದ್ದ.

ಈಗ 1952ರ ಸೆಪ್ಟೆಂಬರ್ 23ರ ರಾತ್ರಿಗೆ ಬನ್ನಿ. ಊರು ಫಿಲಡೆಲ್ಫಿಯಾ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್, ವಯಸ್ಸು 38. ಮೊದಲನೇ ಸುತ್ತಿನಲ್ಲೇ ವಾಲ್ಕಾಟನ ಎಡಗೈ ಹುಕ್, ಅಂದರೆ ಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು ಬಿತ್ತು, ಮಾರ್ಸಿಯಾನೋ ನೆಲಕ್ಕೆ ಬಿದ್ದ. ಅವನು ಜೀವನದಲ್ಲಿ ರಿಂಗ್‌ನೊಳಗೆ ಬಿದ್ದದ್ದು ಅದೇ ಮೊದಲು. ಎದ್ದ. ನಡುವಿನ ಸುತ್ತುಗಳಲ್ಲಿ ಕಣ್ಣಿಗೆ ಏನೋ ಸೇರಿ ಉರಿ ಹತ್ತಿತು, ಎದುರಿಗಿದ್ದವನೇ ಮಸುಕು ಮಸುಕು. ವಾಲ್ಕಾಟ್ ಮುದುಕ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ರಾತ್ರಿ ಅವನು ಆಡಿದ ಆಟ ಇಪ್ಪತ್ತೈದರ ಹುಡುಗನಿಗೂ ಕಷ್ಟ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಚೀಟಿಯಲ್ಲೂ ವಾಲ್ಕಾಟನೇ ಮುಂದಿದ್ದ. ಇನ್ನು ಮೂರು ಸುತ್ತು ಸುಮ್ನೆ ಓಡಾಡಿಕೊಂಡು ಕಳೆದಿದ್ದರೂ ಸಾಕಿತ್ತು, ಪಟ್ಟ ಅವನದ್ದೇ.

ಹದಿಮೂರನೇ ಸುತ್ತು ಶುರುವಾಗಿ ಇನ್ನೂ ಒಂದು ನಿಮಿಷ ಆಗಿರಲಿಲ್ಲ. ವಾಲ್ಕಾಟ್ ಹಿಂದೆ ಸರಿಯುತ್ತಾ ಹಗ್ಗಕ್ಕೆ ಬೆನ್ನು ಕೊಟ್ಟ. ಇಬ್ಬರೂ ಒಟ್ಟಿಗೇ ಬಲಗೈ ಬೀಸಿದರು. ಮಾರ್ಸಿಯಾನೋದು ಗೇಣುದ್ದದ ಏಟು, ಅದೇ ಮೊದಲು ತಲುಪಿತು, ನೇರ ದವಡೆಗೆ. ವಾಲ್ಕಾಟ್ ಹಿಂದಕ್ಕೆ ಹಾರಿ ಬೀಳಲಿಲ್ಲ. ನಿಂತಲ್ಲೇ ಕುಸಿದ. ಎಡಗೈ ನಡುವಿನ ಹಗ್ಗಕ್ಕೆ ಸಿಕ್ಕಿಕೊಂಡಿತು, ಒಂದು ಕ್ಷಣ ಹಾಗೇ ನೇತಾಡಿದ, ಆಮೇಲೆ ಮಂಡಿಯೂರಿ, ತಲೆ ಮುಂದಕ್ಕೆ ಬಾಗಿ, ಹಣೆ ನೆಲಕ್ಕೆ ತಾಗಿತು. ಆ ಪಂದ್ಯದ ಚಿತ್ರ ಸಿಕ್ಕರೆ ದಯವಿಟ್ಟು ನೋಡಿ. ನಾನು ಎಷ್ಟೋ ಸಲ ನೋಡಿದ್ದೇನೆ, ಈಗಲೂ ಆ ಏಟು ಬರುವಾಗ ಮೈ ಜುಮ್ ಅನ್ನುತ್ತದೆ.

ಈಗ ನನ್ನ ಮಾತು. ಇವತ್ತು ವಿಶ್ವ ಪಟ್ಟದ ಪಂದ್ಯ ಎಷ್ಟು ಸುತ್ತಿನದ್ದು? ಹನ್ನೆರಡು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಅನ್ನುವ ಹುಡುಗ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನದಲ್ಲಿ ತೀರಿಕೊಂಡ. ಆಮೇಲೆ ಒಂದೊಂದೇ ಸಂಸ್ಥೆ ಹದಿನೈದು ಸುತ್ತನ್ನು ಹನ್ನೆರಡಕ್ಕೆ ಇಳಿಸಿತು, ಅದು ಸರಿಯಾದ ಕೆಲಸವೇ. ಆದರೆ ಇವತ್ತಿನ ನಿಯಮ 1952ರಲ್ಲಿ ಇದ್ದಿದ್ದರೆ ಮಾರ್ಸಿಯಾನೋ ಆ ರಾತ್ರಿ ಸೋತು ಮನೆಗೆ ಹೋಗುತ್ತಿದ್ದ. 49-0 ಅನ್ನುವ ಲೆಕ್ಕವೇ ಇರುತ್ತಿರಲಿಲ್ಲ. ಹನ್ನೆರಡೇ ಸುತ್ತು ಅಂತ ಗೊತ್ತಿದ್ದರೆ ಅವನು ಮೊದಲೇ ಜಾಸ್ತಿ ನುಗ್ಗುತ್ತಿದ್ದನಲ್ಲ ಅಂತ ಕೇಳಬಹುದು. ಸರಿ, ಆದರೆ ನುಗ್ಗದೆ ಉಳಿದವನೇನಲ್ಲ ಅವನು. ಮೊದಲನೇ ಸುತ್ತಿನಿಂದ ಅವನಿಗೆ ಗೊತ್ತಿದ್ದದ್ದು ನುಗ್ಗುವುದೊಂದೇ.

ಇನ್ನೊಂದು ರಾತ್ರಿ 1954ರ ಸೆಪ್ಟೆಂಬರ್ 17, ಎದುರಾಳಿ ಎಜರ್ಡ್ ಚಾರ್ಲ್ಸ್. ಮಾರ್ಸಿಯಾನೋ ಮೂಗಿನ ಹೊಳ್ಳೆ ಸೀಳಿಹೋಯಿತು. ಗೀರುಗಾಯ ಅಲ್ಲ, ಹೊಳ್ಳೆಯೇ ಎರಡಾಗಿ ರಕ್ತ ನಿಲ್ಲಲಿಲ್ಲ. ಇವತ್ತಾದರೆ ವೈದ್ಯರು ಹತ್ತಿ ಬಂದು ಪಂದ್ಯ ನಿಲ್ಲಿಸುತ್ತಿದ್ದರು, ಏಟಿನಿಂದ ಆದ ಗಾಯವಾದ್ದರಿಂದ ಚಾರ್ಲ್ಸ್ ಗೆದ್ದ ಅಂತಲೇ ಬರೆಯುತ್ತಿದ್ದರು. ಪಂದ್ಯ ನಿಲ್ಲುವ ಹಾಗಿದೆ ಅಂತ ಗೊತ್ತಾದವನೇ ಮಾರ್ಸಿಯಾನೋ ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಕೆಡವಿ ಮುಗಿಸಿದ.

ಅದಕ್ಕೂ ಮೊದಲು 1950ರ ಮಾರ್ಚ್‌ನಲ್ಲಿ ರೋಲ್ಯಾಂಡ್ ಲಾಸ್ಟಾರ್ಜಾ ಜತೆ ನಡೆದ ಪಂದ್ಯವಂತೂ ಕೂದಲೆಳೆಯಲ್ಲಿ ಉಳಿದದ್ದು. ಒಬ್ಬ ತೀರ್ಪುಗಾರ ಇವನಿಗೆ ಕೊಟ್ಟ, ಇನ್ನೊಬ್ಬ ಅವನಿಗೆ. ರೆಫರಿ ಲೆಕ್ಕದಲ್ಲಿ ಸುತ್ತುಗಳು ಐದೈದು ಸಮ. ಕೊನೆಗೆ ರೆಫರಿ ಬೇರೆಯಾಗಿ ಬರೆದಿಟ್ಟ ಅಂಕಗಳನ್ನು ಕೂಡಿಸಿ ಮಾರ್ಸಿಯಾನೋ ಗೆದ್ದ ಅಂದರು. ನಾಲ್ಕನೇ ಸುತ್ತಿನಲ್ಲಿ ಲಾಸ್ಟಾರ್ಜಾನನ್ನು ಒಮ್ಮೆ ಬೀಳಿಸದಿದ್ದರೆ ಕಥೆ ಏನಾಗುತ್ತಿತ್ತೋ.

ಹಾಗಾದರೆ ಸೋಲಿಸಬಹುದಿತ್ತು ಅಂತಾಯಿತಲ್ಲ, ಅಷ್ಟೇ ತಾನೇ? ಅಷ್ಟೇ ಅಲ್ಲ. ಮೂರು ಸಲ ಸೋಲು ಬಾಗಿಲವರೆಗೆ ಬಂದು ನಿಂತರೂ ಪ್ರತಿ ಸಲ ಅದನ್ನು ವಾಪಸ್ ಕಳಿಸಿದವನನ್ನು ನಾನು ಹೆಚ್ಚು ಗೌರವಿಸುತ್ತೇನೆ. ಯಾರೂ ಮುಟ್ಟಲಾಗದವನು ಅಂತ ಅವನನ್ನು ಮೂರ್ತಿ ಮಾಡಿ ಕೂರಿಸಿದರೆ, ಬಿದ್ದು ಎದ್ದು ಹದಿಮೂರನೇ ಸುತ್ತಿನಲ್ಲಿ ಗೆದ್ದ ಮನುಷ್ಯ ಕಾಣದೇ ಹೋಗುತ್ತಾನೆ.

ಮುದುಕರನ್ನು ಸೋಲಿಸಿದ ಅನ್ನುವ ದೂರಿನಲ್ಲಿ ಸತ್ಯ ಇದೆ. 1951ರಲ್ಲಿ ಜೋ ಲೂಯಿಸ್‌ಗೆ 37. ಎಂಟನೇ ಸುತ್ತಿನಲ್ಲಿ ಆ ಮಹಾನ್ ಚಾಂಪಿಯನ್ ಹಗ್ಗದ ಆಚೆ ಬಿದ್ದದ್ದನ್ನು ನೋಡಿ ಗೆದ್ದವನೇ ಅತ್ತನಂತೆ. ಕೊನೇ ಪಂದ್ಯದ ಎದುರಾಳಿ ಆರ್ಚಿ ಮೂರ್‌ಗೂ ನಲವತ್ತು ಹತ್ತಿರ. ಆದರೂ ಅವನೂ ಎರಡನೇ ಸುತ್ತಿನಲ್ಲಿ ಇವನನ್ನು ಬೀಳಿಸಿದ್ದ.

ಮಹಮ್ಮದ್ ಅಲಿ ಜತೆ ಬಿಟ್ಟಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದು ಒಬ್ಬ ರೇಡಿಯೋ ನಿರ್ಮಾಪಕ, ಹೆಸರು ಮರ್ರೆ ವೊರೊನರ್. 1967ರಲ್ಲಿ ಹಳೆಯ ಚಾಂಪಿಯನ್‌ಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಬಂದ ಫಲಿತಾಂಶವನ್ನು ಪಂದ್ಯದ ವೀಕ್ಷಕ ವಿವರಣೆ ಥರ ರೇಡಿಯೋದಲ್ಲಿ ಬಿತ್ತರಿಸಿದ. ಅದರಲ್ಲೂ ಗೆದ್ದದ್ದು ಮಾರ್ಸಿಯಾನೋನೇ. ಅಲಿಯನ್ನು ಆ ಕಂಪ್ಯೂಟರ್ ಟೂರ್ನಿಯ ಮಧ್ಯದಲ್ಲೇ ಸೋಲಿಸಿಬಿಟ್ಟಿದ್ದರು, ಅಲಿ ಕೋಪಗೊಂಡು ಕೋರ್ಟಿಗೆ ಹೋದ. ಅದರ ರಾಜಿಯಲ್ಲಿ 1969ರಲ್ಲಿ ಇಬ್ಬರನ್ನೂ ನಿಜವಾಗಿ ರಿಂಗ್‌ಗೆ ಇಳಿಸಿ ಚಿತ್ರೀಕರಣ ಮಾಡಿದರು. ಅಲಿಗೆ 27, ಮಾರ್ಸಿಯಾನೋಗೆ 45. ಹಲವು ಬಗೆಯ ಮುಕ್ತಾಯ ತೆಗೆದಿಟ್ಟುಕೊಂಡಿದ್ದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೋ ಹದಿಮೂರನೇ ಸುತ್ತಿನಲ್ಲಿ ಗೆದ್ದ, ಯುರೋಪಿನಲ್ಲಿ ಅಲಿ ಗೆದ್ದ. ಮಾರ್ಸಿಯಾನೋ ಅದನ್ನು ನೋಡಲೇ ಇಲ್ಲ. 1969ರ ಆಗಸ್ಟ್ 31ರಂದು, ಹುಟ್ಟುಹಬ್ಬದ ಹಿಂದಿನ ದಿನ, ಸಣ್ಣ ವಿಮಾನ ಬಿದ್ದು ತೀರಿಕೊಂಡ.

ನನ್ನ ಮಟ್ಟಿಗೆ ಅಲಿ ಗೆಲ್ಲುತ್ತಿದ್ದ, ಮಾರ್ಸಿಯಾನೋಗೆ ಆಗುವ ಗಾಯದ ಕಾರಣಕ್ಕೆ. ಆಮೇಲೆ ಚಾಂಪಿಯನ್ ಆದ ಸೋನಿ ಲಿಸ್ಟನ್ ಕೂಡ ಗೆಲ್ಲುತ್ತಿದ್ದ. ಅವನ ಕೈಚಾಚು 84 ಇಂಚು, ಅಂದರೆ ಇವನಿಗಿಂತ 16 ಇಂಚು ಹೆಚ್ಚು. ಒಳಗೆ ನುಗ್ಗುವ ಮೊದಲೇ ಅವನ ಎಡಗೈ ಮುಖದ ಮೇಲಿರುತ್ತಿತ್ತು. ಆದರೆ ಅವರು ಬಂದ ಕಾಲ ಬೇರೆ, ದೇಹವೂ ಬೇರೆ. 90 ಕೆಜಿ ಒಳಗಿನವರಿಗೆ ಇವತ್ತು ಕ್ರೂಸರ್‌ವೇಯ್ಟ್ ಅಂತ ಬೇರೆ ವಿಭಾಗವೇ ಇದೆ, ಮಾರ್ಸಿಯಾನೋ ನಿಲ್ಲಬೇಕಾದ್ದು ಅಲ್ಲಿ.

ಅವನದ್ದೇ ಕಾಲದಲ್ಲಿ, ಅವನದ್ದೇ ತೂಕದಲ್ಲಿ ಸೋಲಿಸಬಲ್ಲವನು ಯಾರಿದ್ದ ಅಂದರೆ ನಾನು ಎಜರ್ಡ್ ಚಾರ್ಲ್ಸ್ ಹೆಸರು ಹೇಳುತ್ತೇನೆ. ವಯಸ್ಸಿನಲ್ಲಿ ಮಾರ್ಸಿಯಾನೋಗಿಂತ ಎರಡೇ ವರ್ಷ ದೊಡ್ಡವನು. ಆದರೆ 1954ರ ಹೊತ್ತಿಗೆ 90ಕ್ಕೂ ಜಾಸ್ತಿ ಪಂದ್ಯ ಆಡಿ ಸವೆದಿದ್ದ. ಹಾಗಿದ್ದೂ ಆ ವರ್ಷ ಜೂನ್‌ನಲ್ಲಿ ಹದಿನೈದೂ ಸುತ್ತು ಎದ್ದು ನಿಂತ, ಮಾರ್ಸಿಯಾನೋ ಎದುರು ಅಷ್ಟು ಸುತ್ತು ನಿಂತವನು ಅವನೊಬ್ಬನೇ. ಅದೇ ಚಾರ್ಲ್ಸ್ 1950ರಲ್ಲಿ ಜೋ ಲೂಯಿಸ್‌ನನ್ನು ಹದಿನೈದು ಸುತ್ತು ಆಡಿಸಿ ಸೋಲಿಸಿದ್ದ, ಇತ್ತ ಮಾರ್ಸಿಯಾನೋ ಆ ವರ್ಷ ಲಾಸ್ಟಾರ್ಜಾ ಎದುರು ಹೆಣಗುತ್ತಿದ್ದ. ಆಗ ಇವರಿಬ್ಬರೂ ಎದುರಾಗಿದ್ದರೆ ಚಾರ್ಲ್ಸ್ ಅಂಕಗಳ ಮೇಲೆ ಗೆಲ್ಲುತ್ತಿದ್ದ. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ನಮಸ್ಕಾರ.